ಎನಾಮಲ್ ದೋಷವಿರುವ ಮಕ್ಕಳಿಗೆ ಹುಳುಕಿನ ಅಪಾಯ ಎಷ್ಟು? ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಒಂದು ಬಗೆಯ ಪೋಷಕರಿಗಾಗಿ ಬರೆದದ್ದು. ಮನೆಯಲ್ಲಿ ಚಾಕೊಲೇಟ್ ಅಪರೂಪ, ದಿನಕ್ಕೆ ಎರಡು ಸಲ ಹಲ್ಲುಜ್ಜಿಸುತ್ತಾರೆ, ಆದರೂ ಮಗುವಿಗೆ ಆರೇಳು ವರ್ಷದಲ್ಲಿ ಹುಟ್ಟಿದ ಹೊಸ ದವಡೆ ಹಲ್ಲು ಹಳದಿ ಬಣ್ಣಕ್ಕಿದೆ, ಅಂಚು ಉದುರುತ್ತಿದೆ. ಬಂದ ನೆಂಟರೆಲ್ಲ ಸಿಹಿ ಜಾಸ್ತಿಯಾಯಿತು ಎನ್ನುತ್ತಾರೆ. ತಾಯಿ ತಪ್ಪು ಮಾಡಿದವಳಂತೆ ವೈದ್ಯರ ಮುಂದೆ ಕುಳಿತಿರುತ್ತಾಳೆ. ಇಂಥ ಎಷ್ಟೋ ಮಕ್ಕಳಲ್ಲಿ ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗಲೇ ಅದರ ಕವಚ ಸರಿಯಾಗಿ ಗಟ್ಟಿಗೊಂಡಿರುವುದಿಲ್ಲ. ಅಂಥ ಮಗುವಿಗೆ ಹುಳುಕಿನ ಅಪಾಯ ಎಷ್ಟಿದೆ, ಅದನ್ನು ಅಳೆಯುವುದು ಹೇಗೆ, ಅಳೆದ ಮೇಲೆ ಮಾಡುವುದೇನು ಎಂಬುದಷ್ಟೇ ಇಲ್ಲಿನ ವಿಷಯ.

ಎನಾಮಲ್ ದೋಷ ಎಂದರೆ ಏನು?

ಹಲ್ಲಿನ ಹೊರಗಿನ ಹೊಳೆಯುವ ಕವಚವೇ ಎನಾಮಲ್. ತೂಕದಲ್ಲಿ ಅದರ ಶೇ. 96ರಷ್ಟು ಖನಿಜ, ದೇಹದಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಬೇರೆ ಇಲ್ಲ. ಆದರೆ ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಬಾಯಿಗೆ ಬರುವ ಹೊತ್ತಿಗೆ ನಾಶವಾಗಿರುತ್ತವೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಸೀಳಿದ ಚರ್ಮ ಮಾಯುತ್ತದೆ, ಎನಾಮಲ್ ಮಾತ್ರ ಮತ್ತೆ ಬೆಳೆಯುವುದಿಲ್ಲ. ಕಟ್ಟುವ ಕಾಲದಲ್ಲಿ ಉಳಿದ ಕೊರತೆ ಜೀವನಪೂರ್ತಿ ಉಳಿಯುತ್ತದೆ.

ಕೊರತೆ ಎರಡು ಬಗೆ. ಎನಾಮಲ್ ಸಾಕಷ್ಟು ದಪ್ಪಕ್ಕೆ ಬೆಳೆಯದೆ ಹಲ್ಲಿನ ಮೇಲೆ ಕುಳಿ, ಗೀರು ಅಥವಾ ಬೋಳು ಜಾಗ ಉಳಿದಿದ್ದರೆ ಅದು ಹೈಪೋಪ್ಲೇಸಿಯಾ. ದಪ್ಪ ಸರಿಯಾಗಿದ್ದು ಖನಿಜ ಸಾಲದೆ ಒಳಗೆ ಸರಂಧ್ರವಾಗಿದ್ದರೆ ಹೈಪೋಮಿನರಲೈಸೇಶನ್. ಇದು ಬಿಳಿ, ಕೆನೆ, ಹಳದಿ ಅಥವಾ ಕಂದು ಕಲೆಯಾಗಿ ಕಾಣುತ್ತದೆ. ಹಾಲುಹಲ್ಲು, ಶಾಶ್ವತ ಹಲ್ಲು ಎಲ್ಲದರಲ್ಲೂ ಒಂದೇ ರೀತಿಯ ದೋಷವಿದ್ದು, ಮನೆಯ ಹಿರಿಯರಲ್ಲೂ ಅದೇ ಕಂಡಿದ್ದರೆ ಅದು ವಂಶವಾಹಿಯಿಂದ ಬರುವ ಅಮೆಲೋಜೆನೆಸಿಸ್ ಇಂಪರ್ಫೆಕ್ಟಾ ಇರಬಹುದು. ಅದು ಅಪರೂಪ, ಅದರ ದಾರಿಯೇ ಬೇರೆ. ಈ ಪುಟದಲ್ಲಿ ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ವೈದ್ಯರು 'ಎಂಐಎಚ್' ಎಂದು ಬರೆದುಕೊಟ್ಟಿದ್ದಾರೆ. ಅದೇನು?

ಮೋಲಾರ್ ಇನ್ಸೈಸರ್ ಹೈಪೋಮಿನರಲೈಸೇಶನ್ ಎಂಬುದರ ಚಿಕ್ಕ ರೂಪ. ಮೊದಲ ಶಾಶ್ವತ ದವಡೆ ಹಲ್ಲುಗಳು ನಾಲ್ಕರಲ್ಲಿ ಒಂದಕ್ಕೋ ನಾಲ್ಕಕ್ಕೋ ಈ ದೋಷ ಬರುತ್ತದೆ, ಹಲವು ಮಕ್ಕಳಲ್ಲಿ ಮುಂದಿನ ಬಾಚಿ ಹಲ್ಲುಗಳಲ್ಲೂ ಕಲೆ ಇರುತ್ತದೆ. ಈ ಹೆಸರು ಬಳಕೆಗೆ ಬಂದದ್ದು 2001ರಲ್ಲಿ. ಗುರುತಿಸುವ ಮಾನದಂಡಗಳನ್ನು ಯುರೋಪಿನ ತಜ್ಞರು 2003ರಲ್ಲಿ ಅಥೆನ್ಸ್‌ನಲ್ಲಿ ಕೂಡಿ ಒಪ್ಪಿಕೊಂಡರು. ಸ್ಪಷ್ಟ ಅಂಚಿರುವ ಕಲೆ, ಹಲ್ಲು ಹೊರಬಂದ ಮೇಲೆ ಉದುರಿದ ಎನಾಮಲ್, ವಿಚಿತ್ರ ಜಾಗದಲ್ಲಿ ಕಾಣುವ ಫಿಲ್ಲಿಂಗ್, ಈ ಕಾರಣಕ್ಕೆ ಕಿತ್ತ ದವಡೆ ಹಲ್ಲು ಮುಂತಾದವು ಆ ಪಟ್ಟಿಯಲ್ಲಿವೆ. ಜಗತ್ತಿನಾದ್ಯಂತ ನಡೆದ ಸಮೀಕ್ಷೆಗಳನ್ನು ಒಟ್ಟುಗೂಡಿಸಿದರೆ ಸುಮಾರು ಏಳೆಂಟು ಮಕ್ಕಳಲ್ಲಿ ಒಬ್ಬರಿಗೆ ಇದು ಕಾಣುತ್ತದೆ. ಅಂದರೆ ನಲವತ್ತು ಮಕ್ಕಳ ತರಗತಿಯಲ್ಲಿ ನಿಮ್ಮ ಮಗು ಒಂಟಿಯಲ್ಲ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಮೊದಲ ಶಾಶ್ವತ ದವಡೆ ಹಲ್ಲು ಸುಮಾರು ಆರನೇ ವರ್ಷದಲ್ಲಿ ಹಾಲುಹಲ್ಲುಗಳ ಸಾಲಿನ ಹಿಂದೆ ಸದ್ದಿಲ್ಲದೆ ಹುಟ್ಟುತ್ತದೆ. ಯಾವ ಹಲ್ಲೂ ಬಿದ್ದಿರುವುದಿಲ್ಲವಾದ್ದರಿಂದ ಮನೆಯವರು ಅದನ್ನೂ ಹಾಲುಹಲ್ಲೆಂದೇ ಎಣಿಸುತ್ತಾರೆ. 'ಬೀಳುವ ಹಲ್ಲಲ್ಲವೇ, ಹೋದರೆ ಹೋಗಲಿ' ಎಂದು ಬಿಟ್ಟು, ಎಂಟು ವರ್ಷಕ್ಕೆ ನೋವೆಂದು ಬಂದಾಗ ಅದು ಜೀವನಪೂರ್ತಿ ಇರಬೇಕಾದ ಹಲ್ಲು ಎಂದು ತಿಳಿಯುತ್ತದೆ. ಮಗುವಿಗೆ ಐದೂವರೆ ತುಂಬಿದ ಮೇಲೆ ತಿಂಗಳಿಗೊಮ್ಮೆ ಮೊಬೈಲ್ ಟಾರ್ಚ್ ಹಿಡಿದು ಬಾಯಿಯ ಕೊನೆಯ ಮೂಲೆಯನ್ನು ನೋಡಿ. ಈ ಪುಟದಿಂದ ಒಂದೇ ಅಭ್ಯಾಸ ನಿಮ್ಮ ಮನೆಗೆ ಹೋಗುವುದಾದರೆ ಇದೇ ಹೋಗಲಿ.

ಹಾಲುಹಲ್ಲಿನಲ್ಲಿ ಇದಕ್ಕೆ ಮುನ್ಸೂಚನೆ ಸಿಗುತ್ತದೆಯೇ?

ಸಿಗಬಹುದು. ಹಾಲುಹಲ್ಲಿನ ಎರಡನೇ ದವಡೆ ಹಲ್ಲು ಸುಮಾರು ಎರಡರಿಂದ ಎರಡೂಮುಕ್ಕಾಲು ವರ್ಷದೊಳಗೆ ಬರುತ್ತದೆ. ಅದರ ಎನಾಮಲ್ ಗಟ್ಟಿಗೊಳ್ಳುವ ಕಾಲವೂ ಮೊದಲ ಶಾಶ್ವತ ದವಡೆ ಹಲ್ಲಿನ ಕಾಲವೂ ಒಂದಿಷ್ಟು ಒಂದರ ಮೇಲೊಂದು ಬರುತ್ತವೆ. ಹಾಗಾಗಿ ಆ ಹಾಲುಹಲ್ಲಿನಲ್ಲಿ ಸ್ಪಷ್ಟ ಅಂಚಿನ ಕಲೆ ಕಂಡ ಮಕ್ಕಳಿಗೆ ಮುಂದೆ ಎಂಐಎಚ್ ಬರುವ ಸಾಧ್ಯತೆ ಇತರರಿಗಿಂತ ಹಲವು ಪಟ್ಟು ಹೆಚ್ಚು. ಕಲೆ ಇಲ್ಲದಿದ್ದರೆ ಬರುವುದೇ ಇಲ್ಲ ಎಂಬ ಖಾತರಿ ಮಾತ್ರ ಇಲ್ಲ.

ಬಸುರಿಯಾಗಿದ್ದಾಗ ನಾನು ಏನಾದರೂ ತಪ್ಪು ಮಾಡಿದೆನೇ?

ಇಲ್ಲ. ಮೊದಲ ಶಾಶ್ವತ ದವಡೆ ಹಲ್ಲಿನ ಎನಾಮಲ್ ಗಟ್ಟಿಗೊಳ್ಳಲು ಆರಂಭಿಸುವುದು ಹೆಚ್ಚುಕಡಿಮೆ ಹುಟ್ಟಿನ ಹೊತ್ತಿಗೆ. ಅದರ ಮೇಲ್ಭಾಗ ಪೂರ್ತಿಯಾಗುವುದು ಎರಡೂವರೆ ಮೂರು ವರ್ಷಕ್ಕೆ. ಆ ನಡುವೆ ಮಗುವಿಗೆ ಬಂದ ಜೋರು ಜ್ವರ, ಉಸಿರಾಟದ ಕಾಯಿಲೆ, ಹೆರಿಗೆಯ ಸಮಯದ ತೊಂದರೆ, ವಂಶವಾಹಿಯ ಒಲವು ಹೀಗೆ ಹಲವು ಸಂಗತಿಗಳು ಕೂಡಿ ದೋಷವಾಗುತ್ತದೆಯೇ ಹೊರತು ಇಂಥದ್ದೇ ಒಂದು ಕಾರಣ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಹಾಲುಹಲ್ಲುಗಳ ವಿಷಯದಲ್ಲಿ ಅವಧಿಗೆ ಮುನ್ನ ಹುಟ್ಟಿದ, ಕಡಿಮೆ ತೂಕದ ಮಕ್ಕಳಲ್ಲಿ ಎನಾಮಲ್ ದೋಷ ಹೆಚ್ಚು ಎಂಬುದು ಸ್ಪಷ್ಟ. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಬಾಯಿಯ ಮೂಲಕ ಉಸಿರುನಳಿಗೆ ಹಾಕಿದ್ದರೆ ಮೇಲಿನ ಮುಂಬದಿಯ ಹಲ್ಲಿನಲ್ಲಿ ಅದರ ಗುರುತು ಉಳಿಯುವುದೂ ಉಂಟು. ವೈದ್ಯರು ಹೆರಿಗೆಯ ವಿವರ ಕೇಳುವುದು ಯಾವ ಹಲ್ಲುಗಳನ್ನು ಹೆಚ್ಚು ಎಚ್ಚರದಿಂದ ನೋಡಬೇಕೆಂದು ತಿಳಿಯಲು. ನಿಮ್ಮನ್ನು ದೂರುವುದಕ್ಕಲ್ಲ.

ಬಿಳಿ ಕಲೆ ಕಂಡರೆ ಅದು ಹುಳುಕೋ, ದೋಷವೋ, ಫ್ಲೋರೋಸಿಸ್ಸೋ ಎಂದು ಮನೆಯಲ್ಲೇ ಗೊತ್ತಾಗುತ್ತದೆಯೇ?

ಸುಳಿವು ಸಿಗುತ್ತದೆ, ತೀರ್ಮಾನ ಸಿಗುವುದಿಲ್ಲ. ಕಲೆ ವಸಡಿನ ಅಂಚಿಗೆ ಅಂಟಿಕೊಂಡಿದ್ದು, ಹೊಳಪಿಲ್ಲದೆ ಒರಟಾಗಿದ್ದು, ಅದರ ಮೇಲೆ ಮೆತ್ತಗಿನ ಬಿಳಿ ಪಾಚಿ ಕುಳಿತಿದ್ದರೆ ಅದು ಹುಳುಕಿನ ಮೊದಲ ಹಂತ. ಕಲೆಗೆ ಸ್ಪಷ್ಟ ಗಡಿ ಇದ್ದು, ಒಂದು ಹಲ್ಲಿನಲ್ಲಿ ಇದ್ದು ಪಕ್ಕದ್ದರಲ್ಲಿ ಇಲ್ಲದಿದ್ದರೆ, ಎಡದ ಹಲ್ಲಿಗೂ ಬಲದ ಹಲ್ಲಿಗೂ ಹೋಲಿಕೆಯಿಲ್ಲದಿದ್ದರೆ ಅದು ಎಂಐಎಚ್ ಜಾತಿಯದು. ಗಡಿಯೇ ಇಲ್ಲದೆ, ಎರಡೂ ಬದಿಯ ಜೋಡಿ ಹಲ್ಲುಗಳಲ್ಲಿ ಸಮನಾಗಿ, ಅಡ್ಡಡ್ಡ ತೆಳು ಬಿಳಿ ಗೆರೆಗಳಂತೆ ಅಥವಾ ಮೋಡ ಕವಿದಂತೆ ಹರಡಿದ್ದರೆ ಫ್ಲೋರೋಸಿಸ್, ಅಂದರೆ ಹಲ್ಲು ರೂಪುಗೊಳ್ಳುವಾಗ ದೇಹಕ್ಕೆ ಫ್ಲೋರೈಡ್ ಹೆಚ್ಚಾಗಿ ಸೇರಿ ಬಂದ ಕಲೆ, ಎಂದು ಸಂಶಯಪಡಬೇಕು.

ಒಂದೇ ಮಗುವಿನ ಬಾಯಿಯಲ್ಲಿ ಈ ಮೂರೂ ಇರಬಹುದು. ದೋಷವಿರುವ ಜಾಗದ ಮೇಲೆಯೇ ಹುಳುಕು ಶುರುವಾಗಿರಬಹುದು. ಆದ್ದರಿಂದ ಹಲ್ಲನ್ನು ಶುಚಿಗೊಳಿಸಿ ಒಳ್ಳೆಯ ಬೆಳಕಿನಲ್ಲಿ ನೋಡದೆ ಯಾರೂ ತೀರ್ಪು ಕೊಡಬಾರದು. ವಾಟ್ಸಾಪ್‌ನಲ್ಲಿ ಬಂದ ಮಸುಕು ಫೋಟೊ ನೋಡಿ ಹೇಳುವ ಅಭಿಪ್ರಾಯಕ್ಕೆ ಬೆಲೆಯಿಲ್ಲ, ಹೇಳುವವರು ದಂತವೈದ್ಯರೇ ಆಗಿದ್ದರೂ.

ದೋಷವಿರುವ ಹಲ್ಲು ಬೇಗ ಹುಳುಕಾಗುವುದು ಏಕೆ?

ನಾವು ಸಿಹಿ ಅಥವಾ ಪಿಷ್ಟ ತಿಂದಾಗಲೆಲ್ಲ ಹಲ್ಲಿನ ಮೇಲಿನ ಬ್ಯಾಕ್ಟೀರಿಯಾ ಆಮ್ಲ ತಯಾರಿಸುತ್ತದೆ. ಆಮ್ಲ ಹೆಚ್ಚಿದಷ್ಟೂ ಪಿಎಚ್ ಎಂಬ ಅಳತೆ ಇಳಿಯುತ್ತದೆ; ಸಾಮಾನ್ಯ ಎನಾಮಲ್ ಸುಮಾರು 5.5 ಪಿಎಚ್‌ಗಿಂತ ಕೆಳಗೆ ಕರಗಲಾರಂಭಿಸುತ್ತದೆ, ಅರ್ಧ ಮುಕ್ಕಾಲು ಗಂಟೆಯಲ್ಲಿ ಜೊಲ್ಲು ಅದನ್ನು ಸರಿದೂಗಿಸುತ್ತದೆ. ದೋಷವಿರುವ ಎನಾಮಲ್‌ನಲ್ಲಿ ಖನಿಜ ಕಡಿಮೆ, ಪ್ರೋಟೀನ್ ಮತ್ತು ಕಾರ್ಬೊನೇಟ್ ಹೆಚ್ಚು. ಸೀಮೆಸುಣ್ಣದಂತೆ ಅದು ಬೇಗ ಹೀರುತ್ತದೆ, ಬೇಗ ಕರಗುತ್ತದೆ, ಅಗಿಯುವ ಒತ್ತಡಕ್ಕೆ ಪುಡಿಯಾಗುತ್ತದೆ. ಉದುರಿದ ಜಾಗದಲ್ಲಿ ಎನಾಮಲ್ ಕೆಳಗಿನ ಮೆದು ಪದರವಾದ ಡೆಂಟಿನ್ ತೆರೆದುಕೊಂಡರೆ ಬ್ಯಾಕ್ಟೀರಿಯಾಕ್ಕೆ ನೇರ ದಾರಿ. ಹೈಪೋಪ್ಲೇಸಿಯಾದ ಕುಳಿಗಳಲ್ಲಿ ಬ್ರಷ್ಷಿನ ಎಳೆ ತಲುಪುವುದೇ ಇಲ್ಲ.

ಇನ್ನೊಂದು ಕಾರಣವನ್ನು ಮನೆಯವರು ಗಮನಿಸುವುದು ಅಪರೂಪ. ಈ ಹಲ್ಲು ತಣ್ಣನೆಯ ನೀರಿಗೆ, ಗಾಳಿಗೆ, ಬ್ರಷ್ಷಿಗೂ ಜುಮ್ಮೆನ್ನುತ್ತದೆ. ಮಗು ಜಾಣತನದಿಂದ ಆ ಬದಿಯನ್ನು ಬಿಟ್ಟು ಉಜ್ಜುತ್ತದೆ, ಆ ಬದಿಯಲ್ಲಿ ಅಗಿಯುವುದನ್ನೂ ಬಿಡುತ್ತದೆ. ಕೊಳೆ ಅಲ್ಲೇ ಕೂರುತ್ತದೆ. 'ಹಟಮಾರಿ, ಹಲ್ಲುಜ್ಜಲು ಬಿಡುವುದಿಲ್ಲ' ಎಂದು ಬೈಸಿಕೊಳ್ಳುವ ಮಕ್ಕಳಲ್ಲಿ ಕೆಲವರಿಗೆ ನಿಜವಾಗಿ ನೋವಿರುತ್ತದೆ. ಬೆಳಿಗ್ಗೆ ನಲ್ಲಿಯ ತಣ್ಣೀರಿನ ಬದಲು ಉಗುರುಬೆಚ್ಚಗಿನ ನೀರು ಕೊಟ್ಟು ನೋಡಿ. ಹಟ ಕಡಿಮೆಯಾದರೆ ಕಾರಣ ಸಿಕ್ಕಿತು.

ಅಪಾಯದ ಅಂದಾಜು ಎಂದರೆ ವೈದ್ಯರು ನಿಜವಾಗಿ ಏನು ಮಾಡುತ್ತಾರೆ?

ಮುಂದಿನ ಒಂದೆರಡು ವರ್ಷದಲ್ಲಿ ಹೊಸ ಹುಳುಕು ಬರುವ ಅಥವಾ ಇರುವುದು ಬೆಳೆಯುವ ಸಾಧ್ಯತೆ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಈಗಾಗಲೇ ಆಗಿರುವ ಹುಳುಕು ಅತಿ ಬಲವಾದ ಸಾಕ್ಷ್ಯ. ಒಂದು ಹಲ್ಲು ಹುಳುಕಾದ ಬಾಯಿಯಲ್ಲಿ ಇನ್ನೊಂದು ಆಗುವ ಸಂಭವ ಹೆಚ್ಚು. ಆಮೇಲೆ ಹಲ್ಲಿನ ಮೇಲಿನ ಕೊಳೆ, ದಿನಕ್ಕೆ ಎಷ್ಟು ಸಲ ಸಿಹಿ ಬಾಯಿಗೆ ಬೀಳುತ್ತದೆ, ಎನಾಮಲ್ ಗಟ್ಟಿಗೊಳಿಸಿ ಹುಳುಕು ತಡೆಯುವ ಫ್ಲೋರೈಡ್ ಇರುವ ಪೇಸ್ಟ್ ಬಳಕೆಯಲ್ಲಿದೆಯೇ, ಜೊಲ್ಲು ಸಾಕಷ್ಟಿದೆಯೇ, ತಾಯಿಯ ಅಥವಾ ಒಡಹುಟ್ಟಿದವರ ಬಾಯಿಯಲ್ಲಿ ಹುಳುಕಿದೆಯೇ, ನಿತ್ಯ ಸಿಹಿ ಸಿರಪ್ ಅಥವಾ ಇನ್‌ಹೇಲರ್ ತೆಗೆದುಕೊಳ್ಳುವ ಕಾಯಿಲೆ ಇದೆಯೇ, ಮಲಗುವಾಗ ಹಾಲಿನ ಬಾಟಲಿ ಇದೆಯೇ ಎಂದು ನೋಡುತ್ತಾರೆ. ಬೇಕಾದರೆ ದವಡೆ ಹಲ್ಲುಗಳ ನಡುವೆ ಕಾಣದ ಹುಳುಕಿಗಾಗಿ ಬೈಟ್‌ವಿಂಗ್ ಎಕ್ಸ್‌ರೇ ತೆಗೆಸುತ್ತಾರೆ.

ಎನಾಮಲ್ ದೋಷವಿರುವ ಮಗುವಿಗೆ ಇಷ್ಟೇ ಸಾಲದು ಎಂಬುದು ಈ ಪುಟದ ಮುಖ್ಯ ವಾದ. ಮೇಲೆ ಹೇಳಿದ್ದೆಲ್ಲ ಮಗುವಿನ ಅಪಾಯ. ಅದರ ಜೊತೆಗೆ ಹಲ್ಲಿನ ಅಪಾಯವನ್ನು ಬೇರೆಯಾಗಿ, ಒಂದೊಂದೇ ಹಲ್ಲಿಗೆ ಬರೆಯಬೇಕು. ದೋಷ ಕುಳಿಯೋ ಕಲೆಯೋ? ಬಣ್ಣ ಯಾವುದು? ಬಿಳಿ, ಕೆನೆ ಕಲೆಗಿಂತ ಹಳದಿ, ಕಂದು ಕಲೆ ಹೆಚ್ಚು ಸರಂಧ್ರ, ಅದು ಉದುರುವ ಸಂಭವವೂ ಹೆಚ್ಚು. ಕಲೆ ಅಗಿಯುವ ಮೇಲ್ಮೈಯ ತುದಿಗಳ ಮೇಲಿದೆಯೋ, ಒತ್ತಡ ಬೀಳದ ಪಕ್ಕದಲ್ಲಿದೆಯೋ? ಈಗಾಗಲೇ ಉದುರಿದೆಯೇ? ಉದುರಿದ್ದರೆ ಡೆಂಟಿನ್ ಕಾಣುತ್ತಿದೆಯೇ? ಜುಮ್ಮೆನ್ನುತ್ತದೆಯೇ? ಹಲ್ಲು ಪೂರ್ತಿ ಹೊರಬಂದಿದೆಯೋ, ಅರ್ಧ ವಸಡಿನೊಳಗಿದೆಯೋ? ಹೊಸದಾಗಿ ಹುಟ್ಟುತ್ತಿರುವ ಹಲ್ಲು ಎದುರಿನ ಹಲ್ಲಿಗೆ ತಾಗುವವರೆಗೆ ಬ್ರಷ್ಷಿಗೆ ಸುಲಭವಾಗಿ ಸಿಗುವುದಿಲ್ಲ. ಅದೇ ಅತಿ ಅಪಾಯದ ಕಾಲ.

ಎರಡು ಅಪಾಯ ಎಂದರೆ ಗೊಂದಲವಾಗುತ್ತದೆ. ಒಂದು ಉದಾಹರಣೆ ಕೊಡುತ್ತೀರಾ?

ಇಬ್ಬರು ಮಕ್ಕಳನ್ನು ಊಹಿಸಿಕೊಳ್ಳಿ. ಮಲ್ಲೇಶ್ವರದ ಏಳು ವರ್ಷದ ಹುಡುಗಿ. ಊಟದ ನಡುವೆ ತಿಂಡಿ ಕಡಿಮೆ, ಹಲ್ಲು ಶುಚಿ, ಹಾಲುಹಲ್ಲಿನಲ್ಲಿ ಒಂದೂ ಹುಳುಕಿಲ್ಲ. ಆದರೆ ಕೆಳಗಿನ ಎರಡೂ ಹೊಸ ದವಡೆ ಹಲ್ಲುಗಳಲ್ಲಿ ಕಂದು ಕಲೆ, ಒಂದರ ತುದಿ ಉದುರಿದೆ. ಇನ್ನೊಬ್ಬ ಯಶವಂತಪುರದ ಐದು ವರ್ಷದ ಹುಡುಗ. ಮುಂದಿನ ಹಲ್ಲಿನ ಮೇಲೆ ಒಂದು ಸಣ್ಣ ಕೆನೆ ಬಣ್ಣದ ಕಲೆ, ಮುಟ್ಟಿದರೆ ನುಣುಪು. ಆದರೆ ರಾತ್ರಿ ಸಕ್ಕರೆ ಹಾಕಿದ ಹಾಲು ಕುಡಿಯುತ್ತಲೇ ನಿದ್ದೆ, ಹಾಲುಹಲ್ಲಿನಲ್ಲಿ ಮೂರು ಹುಳುಕು.

ಅಪಾಯ ಅಳೆಯುವ ಸಾಮಾನ್ಯ ನಮೂನೆ ತುಂಬಿದರೆ ಹುಡುಗಿಗೆ 'ಕಡಿಮೆ ಅಪಾಯ' ಎಂದು ಬರಬಹುದು. ವರ್ಷ ಬಿಟ್ಟು ಬನ್ನಿ ಎಂದು ಕಳಿಸಿದರೆ ಅಷ್ಟರಲ್ಲಿ ಆ ದವಡೆ ಹಲ್ಲು ಕೈತಪ್ಪಿರುತ್ತದೆ. ಅವಳ ಊಟದ ಮೇಲೆ ಉಪದೇಶ ಮಾಡುವುದು ವ್ಯರ್ಥ, ಬೇಕಾದದ್ದು ಆ ಎರಡು ಹಲ್ಲಿಗೆ ರಕ್ಷಣೆ. ಹುಡುಗನ ವಿಷಯದಲ್ಲಿ ಕಲೆ ಗೌಣ, ಕಾಯಿಲೆ ಇರುವುದು ದಿನಚರಿಯಲ್ಲಿ. ಆ ಕೆನೆ ಕಲೆಯ ಚಿಂತೆಯಲ್ಲಿ ಮನೆಯವರು ರಾತ್ರಿಯ ಹಾಲನ್ನು ಮರೆತರೆ ನಷ್ಟ ಅವನಿಗೇ. ಇಬ್ಬರಿಗೂ ಒಂದೇ ಚೀಟಿ ಬರೆದು ಕೊಡುವ ವೈದ್ಯರು ಒಬ್ಬರಿಗಾದರೂ ಅನ್ಯಾಯ ಮಾಡುತ್ತಾರೆ.

ಕಂಪ್ಯೂಟರ್‌ನಲ್ಲಿ ಶೇಕಡಾವಾರು ಲೆಕ್ಕ ತೋರಿಸಿದರು. ಅದನ್ನು ಎಷ್ಟು ನಂಬಬೇಕು?

ನಿಮಗೆ ತೋರಿಸಿದ್ದು ಕ್ಯಾರಿಯೋಗ್ರಾಮ್ ಇರಬಹುದು. ಸ್ವೀಡನ್ನಿನ ಮಾಲ್ಮೋದಲ್ಲಿ ರೂಪುಗೊಂಡ ಈ ತಂತ್ರಾಂಶ ಆಹಾರ, ಬ್ಯಾಕ್ಟೀರಿಯಾ, ಹಲ್ಲಿನ ತಡೆಶಕ್ತಿ, ಪರಿಸ್ಥಿತಿ ಇವನ್ನೆಲ್ಲ ಸೇರಿಸಿ ಬಣ್ಣದ ವೃತ್ತ ತೋರಿಸುತ್ತದೆ; ಹಸಿರು ಭಾಗ ದೊಡ್ಡದಿದ್ದಷ್ಟೂ ಹೊಸ ಹುಳುಕಿನಿಂದ ತಪ್ಪಿಸಿಕೊಳ್ಳುವ ಅವಕಾಶ ಹೆಚ್ಚು. ಮಗುವಿಗೂ ಪೋಷಕರಿಗೂ ವಿಷಯ ತಿಳಿಸಲು ಇದು ಸೊಗಸಾದ ಸಾಧನ. ಆದರೆ ಅದರ ಹತ್ತು ಅಂಶಗಳಲ್ಲಿ ಎನಾಮಲ್ ದೋಷಕ್ಕೆಂದೇ ಜಾಗವಿಲ್ಲ. ವೈದ್ಯರ ಸ್ವಂತ ತೀರ್ಮಾನ ಎಂಬ ಅಂಶದಲ್ಲಿ ಅದನ್ನು ಸೇರಿಸಬೇಕು. ಸೇರಿಸಿದ್ದೀರಾ ಎಂದು ಕೇಳಿ. ಕೇಳಿದ್ದಕ್ಕೆ ಯಾರೂ ಬೇಸರಪಟ್ಟುಕೊಳ್ಳಬಾರದು.

ಅಮೆರಿಕದ ಮಕ್ಕಳ ದಂತವೈದ್ಯರ ಅಕಾಡೆಮಿಯ ನಮೂನೆಯಲ್ಲಿ ಎನಾಮಲ್ ದೋಷಕ್ಕೆ ಜಾಗವಿದೆ. ಕ್ಯಾಂಬ್ರಾ ಎಂಬ ಇನ್ನೊಂದು ಪದ್ಧತಿಯೂ ಬಳಕೆಯಲ್ಲಿದೆ. ಎಲ್ಲಕ್ಕೂ ಒಂದು ಮಿತಿ ಉಂಟು: ಇವು ಹೊರದೇಶಗಳ ನೀರು, ಊಟ, ವಿಮೆಯ ಲೆಕ್ಕದಲ್ಲಿ ಹುಟ್ಟಿದವು. ನಮ್ಮ ಮಗುವಿನ ಬೆಲ್ಲದ ರಾಗಿ ಸರಿಯೂ ಕ್ಯಾನ್ ನೀರೂ ಅಲ್ಲಿ ತಾನಾಗಿ ಬರುವುದಿಲ್ಲ. ನಮೂನೆ ಯಾವುದಾದರೂ ಆಗಲಿ, ಪ್ರತಿ ಭೇಟಿಯಲ್ಲೂ ಅದೇ ನಮೂನೆ ತುಂಬಿ ಹಿಂದಿನದರ ಜೊತೆ ಹೋಲಿಸುವುದು ಮುಖ್ಯ. ಅಪಾಯ ಹಣೆಬರಹವಲ್ಲ, ಆರು ತಿಂಗಳಲ್ಲಿ ಇಳಿಯುತ್ತದೆ, ಏರುತ್ತದೆ.

ನಾವು ಕುಡಿಯುವ ನೀರಿಗೂ ಇದಕ್ಕೂ ಸಂಬಂಧವಿದೆಯೇ?

ಇದೆ. ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಉತ್ತರ ಬಡಾವಣೆಯಿಂದ ಬಡಾವಣೆಗೆ ಬದಲಾಗುತ್ತದೆ. ಜಲಮಂಡಳಿ ಕೊಡುವ ಕಾವೇರಿ ನೀರು ನದಿಯ ನೀರು, ಅದರಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಕೊಳವೆಬಾವಿಯ ನೀರು ಹಾಗಲ್ಲ, ಆಳದ ಬಂಡೆಯನ್ನು ಅವಲಂಬಿಸಿ ಫ್ಲೋರೈಡ್ ಹೆಚ್ಚಿರಬಹುದು. ನಗರದ ಹೊರವಲಯದ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತಕ್ಕೆ 2024ರ ಅಕ್ಟೋಬರ್‌ನಲ್ಲಿ ಚಾಲನೆ ಸಿಕ್ಕಿತು. ಅದಕ್ಕೂ ಮೊದಲು ಅಲ್ಲಿ ಬೆಳೆದ ಮಕ್ಕಳಲ್ಲಿ ಬಹಳಷ್ಟು ಮಂದಿ ಕೊಳವೆಬಾವಿ ಅಥವಾ ಟ್ಯಾಂಕರ್ ನೀರು ಕುಡಿದವರು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು.

ವೈದ್ಯರು 'ಈಗ ಯಾವ ನೀರು' ಎಂದು ಕೇಳಿದರೆ ಸಾಲದು. 'ನಾಲ್ಕು ವರ್ಷ ತುಂಬುವವರೆಗೆ ಎಲ್ಲಿದ್ದಿರಿ, ಅಲ್ಲಿ ಯಾವ ನೀರು' ಎಂದು ಕೇಳಬೇಕು. ಮುಂಬದಿಯ ಶಾಶ್ವತ ಹಲ್ಲುಗಳ ಎನಾಮಲ್ ರೂಪುಗೊಳ್ಳುವುದು ಆಗ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗದ ಕಡೆ ಅಜ್ಜಿಯ ಮನೆಯಲ್ಲಿ ಬೆಳೆದು ಶಾಲೆಗೆ ಬೆಂಗಳೂರಿಗೆ ಬಂದ ಮಗುವಿನ ಹಲ್ಲಿನ ಗೆರೆಗಳಿಗೆ ಈಗಿನ ಮನೆಯ ನೀರನ್ನು ದೂರಿ ಪ್ರಯೋಜನವಿಲ್ಲ. ಸೌಮ್ಯ ಫ್ಲೋರೋಸಿಸ್ ಹುಳುಕಿನ ಅಪಾಯವನ್ನು ಹೆಚ್ಚಿಸುವುದಿಲ್ಲ. ಅದು ಬಹುತೇಕ ನೋಟದ ಪ್ರಶ್ನೆ. ಎನಾಮಲ್ ಕುಳಿಬಿದ್ದು ಉದುರುವ ತೀವ್ರ ಫ್ಲೋರೋಸಿಸ್ ಬೇರೆ ಮಾತು, ಅಲ್ಲಿ ಅಪಾಯ ಹೆಚ್ಚು.

ಆರ್‌ಒ ಯಂತ್ರ ನೀರಿನಲ್ಲಿರುವ ಫ್ಲೋರೈಡಿನ ಬಹುಭಾಗವನ್ನು ತೆಗೆದುಹಾಕುತ್ತದೆ. ಆರ್‌ಒ ನೀರು ಕುಡಿಯುವ ಮಗುವಿಗೆ ಫ್ಲೋರೈಡ್ ಸಿಗುವುದು ಹೆಚ್ಚುಕಡಿಮೆ ಪೇಸ್ಟಿನಿಂದ ಮಾತ್ರ ಎಂದುಕೊಳ್ಳಿ.

ಹಾಗಾದರೆ ಯಾವ ಪೇಸ್ಟ್?

ಕೊಳವೆಯ ಮೇಲೆ ಫ್ಲೋರೈಡ್ ಎಷ್ಟು ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) ಎಂದು ಬರೆದಿರುತ್ತದೆ, ಅದನ್ನು ಓದಿ. ಭಾರತದಲ್ಲಿ ಮಾರಾಟವಾಗುವ ಪೇಸ್ಟಿಗೆ ಕಾನೂನಿನ ಗರಿಷ್ಠ ಮಿತಿ 1000 ಪಿಪಿಎಂ. ದೋಷವಿರುವ ಮಗುವಿಗೆ ಆ ಮಟ್ಟಕ್ಕೆ ಹತ್ತಿರವಿರುವುದೇ ಬೇಕು. ಬಣ್ಣಬಣ್ಣದ ಕಾರ್ಟೂನ್ ಚಿತ್ರವಿರುವ ಮಕ್ಕಳ ಪೇಸ್ಟುಗಳಲ್ಲೂ ಗಿಡಮೂಲಿಕೆ ಪೇಸ್ಟುಗಳಲ್ಲೂ ಹಲವದರಲ್ಲಿ ಫ್ಲೋರೈಡ್ ಇರುವುದೇ ಇಲ್ಲ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಸಾಕು. ಉಜ್ಜಿದ ಮೇಲೆ ಉಗುಳಲಿ, ಆದರೆ ನೀರು ಹಾಕಿ ಬಾಯಿ ಮುಕ್ಕಳಿಸುವುದು ಬೇಡ. ಏಳೆಂಟು ವರ್ಷದವರೆಗೆ ಬ್ರಷ್ ದೊಡ್ಡವರ ಕೈಯಲ್ಲಿರಲಿ. ಇದ್ದಿಲು, ಉಪ್ಪು, ಒರಟು ಹಲ್ಲುಪುಡಿ, ನಿಂಬೆಹಣ್ಣು ಇವು ಮೆದು ಎನಾಮಲ್‌ಗೆ ಶತ್ರುಗಳು. ಹಳದಿ ಕಲೆ ಹೋಗಲೆಂದು ತಿಕ್ಕಿದರೆ ಹಲ್ಲೇ ಹೋಗುತ್ತದೆ.

ಆಹಾರದ ಬಗ್ಗೆ ಇಷ್ಟೊಂದು ಪ್ರಶ್ನೆ ಏಕೆ? ನಾವು ಚಾಕೊಲೇಟ್ ಕೊಡುವುದೇ ಇಲ್ಲ.

ಚಾಕೊಲೇಟ್ ಕೊಡದ ಮನೆಗಳಲ್ಲಿಯೂ ಬೆಳಗಿನ ಹಾಲಿಗೆ ಮಾಲ್ಟ್ ಪುಡಿ, ಶಾಲೆಯ ಸಣ್ಣ ಬಿಡುವಿಗೆ ಬಿಸ್ಕತ್ತು, ಸಂಜೆ ಬೇಕರಿಯ ಬನ್ ಅಥವಾ ರಸ್ಕ್, ಟ್ಯೂಷನ್‌ಗೆ ಹೋಗುವ ದಾರಿಯಲ್ಲಿ ಜ್ಯೂಸ್, ಮಲಗುವಾಗ ಮತ್ತೆ ಹಾಲು ಇರುತ್ತದೆ. ಹಲ್ಲಿಗೆ ಲೆಕ್ಕ ಇರುವುದು ಎಷ್ಟು ತಿಂದಿತು ಎಂಬುದಕ್ಕಿಂತ ಎಷ್ಟು ಸಲ ತಿಂದಿತು, ಎಷ್ಟು ಹೊತ್ತು ಬಾಯಲ್ಲಿತ್ತು ಎಂಬುದು. ಹಬ್ಬದ ದಿನ ಊಟದ ಜೊತೆ ಎರಡು ಹೋಳಿಗೆ ತಿಂದರೆ ಆಗುವ ಹಾನಿ, ಮೂರು ಗಂಟೆ ಕಾಲ ಒಂದೊಂದಾಗಿ ಬಿಸ್ಕತ್ತು ಮೆಲ್ಲುವುದಕ್ಕಿಂತ ಕಡಿಮೆ. ಬೆಲ್ಲ, ಜೇನುತುಪ್ಪ 'ಆರೋಗ್ಯಕರ' ಎಂಬ ನಂಬಿಕೆ ಅಡುಗೆಮನೆಯಲ್ಲಿ ಇರಲಿ. ಹುಳುಕಿನ ಬ್ಯಾಕ್ಟೀರಿಯಾ ಸಕ್ಕರೆಗೂ ಬೆಲ್ಲಕ್ಕೂ ಭೇದ ಮಾಡುವುದಿಲ್ಲ.

ಬಹಳಷ್ಟು ವೈದ್ಯರು ಮೂರು ದಿನದ ಆಹಾರ ದಿನಚರಿ ಬರೆಯಲು ಹೇಳುತ್ತಾರೆ, ಅದರಲ್ಲಿ ಒಂದು ದಿನ ಭಾನುವಾರವಿರಲಿ ಎನ್ನುತ್ತಾರೆ. ಅಜ್ಜಿ ತಾತ ಕೊಟ್ಟದ್ದನ್ನೂ ಬರೆಯಿರಿ, ಸಿರಪ್ಪನ್ನೂ ಬರೆಯಿರಿ. ಚೆನ್ನಾಗಿ ಕಾಣಲೆಂದು ತಿದ್ದಿದ ದಿನಚರಿ ಯಾರಿಗೂ ಉಪಯೋಗವಿಲ್ಲ. ತಿಂಡಿಪೆಟ್ಟಿಗೆಗೆ ಹುರಿದ ಕಡಲೆಕಾಯಿ, ಸೌತೆಕಾಯಿ, ಉಸಲಿ, ಪನೀರು, ಮೊಸರು ಒಳ್ಳೆಯವು. ಹಲ್ಲು ಜುಮ್ಮೆನ್ನುತ್ತಿದ್ದರೆ ಗಟ್ಟಿ ಕಡಲೆ ಸದ್ಯಕ್ಕೆ ಬೇಡ.

ಅಪಾಯ ಹೆಚ್ಚು ಎಂದು ಬಂದಿದೆ. ಮುಂದೇನು?

ಫ್ಲೋರೈಡ್ ವಾರ್ನಿಷ್ ಮೊದಲ ಹೆಜ್ಜೆ. ಇದರಲ್ಲಿ ಶೇ. 5ರ ಸೋಡಿಯಂ ಫ್ಲೋರೈಡ್, ಅಂದರೆ 22,600 ಪಿಪಿಎಂ ಇರುತ್ತದೆ. ಪೇಸ್ಟಿಗಿಂತ ಅನೇಕ ಪಟ್ಟು ಹೆಚ್ಚು ಎಂದು ಹೆದರಬೇಡಿ. ಹಚ್ಚುವುದು ಹನಿಯಷ್ಟು, ಅದು ಹಲ್ಲಿಗೆ ಅಂಟಿ ಕೂರುತ್ತದೆ. ಹೆಚ್ಚಿನ ಅಪಾಯವಿರುವ ಮಕ್ಕಳಿಗೆ ಮೂರು ತಿಂಗಳಿಗೊಮ್ಮೆ, ಉಳಿದವರಿಗೆ ಆರು ತಿಂಗಳಿಗೊಮ್ಮೆ ಹಚ್ಚುವುದು ರೂಢಿ. ಹಾಲಿನ ಪ್ರೋಟೀನಿನಿಂದ ತಯಾರಿಸಿದ, ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಇರುವ ಲೇಪವನ್ನೂ ಕೆಲವರು ಕೊಡುತ್ತಾರೆ, ಜುಮ್ಮೆನ್ನುವುದು ಅದರಿಂದ ಕಡಿಮೆಯಾಗಬಹುದು. ಹಾಲಿನ ಪ್ರೋಟೀನಿನ ಅಲರ್ಜಿ ಇರುವ ಮಗುವಿಗೆ ಅದು ಸಲ್ಲದು, ಮೊದಲೇ ಹೇಳಿಬಿಡಿ.

ಹಲ್ಲು ಇನ್ನೂ ಅರ್ಧ ಹೊರಬಂದಿದ್ದು ಒಣಗಿಸಲು ಆಗದಿದ್ದರೆ ಒಂದು ಬಗೆಯ ದಂತ ಸಿಮೆಂಟಾದ ಗ್ಲಾಸ್ ಐಯನೋಮರ್‌ನಿಂದ ಮುಚ್ಚುತ್ತಾರೆ. ಅದು ತಾತ್ಕಾಲಿಕ, ಸವೆಯುತ್ತದೆ, ಆದರೂ ಕಠಿಣ ಕಾಲ ದಾಟಿಸುತ್ತದೆ. ಪೂರ್ತಿ ಬಂದ ಮೇಲೆ ಹಲ್ಲಿನ ಗೀರುಗಳನ್ನು ಮುಚ್ಚುವ ಗಟ್ಟಿ ಲೇಪವಾದ ರೆಸಿನ್ ಸೀಲೆಂಟ್. ದೋಷವಿರುವ ಎನಾಮಲ್‌ಗೆ ಸೀಲೆಂಟ್ ಆಗಲಿ ಫಿಲ್ಲಿಂಗ್ ಆಗಲಿ ಚೆನ್ನಾಗಿ ಹಿಡಿಯುವುದಿಲ್ಲ, ಪದೇ ಪದೇ ಬಿಡುತ್ತದೆ. ಅದನ್ನು ವೈದ್ಯರ ಕೆಲಸ ಕೆಟ್ಟದ್ದು ಎಂದು ತಿಳಿದು ಕ್ಲಿನಿಕ್ ಬದಲಿಸುತ್ತ ಹೋದರೆ ಹಲ್ಲಿನ ಹಿಂದಿನ ದಾಖಲೆಯೇ ಕಳೆದುಹೋಗುತ್ತದೆ. ಬಹಳ ಉದುರಿದ ದವಡೆ ಹಲ್ಲಿಗೆ ಸ್ಟೀಲ್ ಕ್ಯಾಪ್ ನಂಬಿಕಸ್ತ ಉಪಾಯ. ನೋಡಲು ಚೆಂದವಿಲ್ಲ, ಆದರೆ ಹಿಂದಿನ ಹಲ್ಲನ್ನು ಯಾರು ನೋಡುತ್ತಾರೆ? ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ ಹಚ್ಚಿದರೆ ಹುಳುಕು ಸಾಮಾನ್ಯವಾಗಿ ನಿಲ್ಲುತ್ತದೆ, ಆದರೆ ಆ ಜಾಗ ಕಪ್ಪಾಗುತ್ತದೆ. ಹಚ್ಚುವ ಮೊದಲೇ ನಿಮ್ಮ ಒಪ್ಪಿಗೆ ಕೇಳಬೇಕು.

ಈ ಹಲ್ಲುಗಳಲ್ಲಿ ಮರಗಟ್ಟಿಸುವ ಚುಚ್ಚುಮದ್ದು ಕೆಲವೊಮ್ಮೆ ಸರಿಯಾಗಿ ಹಿಡಿಯುವುದಿಲ್ಲ, ಏಕೆಂದರೆ ಒಳಗಿನ ನರ ಮೊದಲೇ ಕೆರಳಿರುತ್ತದೆ. ಮಗು ನೋವೆಂದರೆ ನಂಬಿ.

ಶಾಲೆಯ ಶಿಬಿರದಲ್ಲಿ 'ಹುಳುಕಿಲ್ಲ' ಎಂದು ಚೀಟಿ ಕೊಟ್ಟಿದ್ದಾರೆ. ಆದರೂ ಬರಬೇಕೇ?

ಶಿಬಿರದಲ್ಲಿ ಒಂದು ಮಗುವಿಗೆ ಸಿಗುವುದು ಒಂದೆರಡು ನಿಮಿಷ. ಅವರು ಹುಡುಕುವುದು ಆಗಿರುವ ತೂತನ್ನು, ಆಗಬಹುದಾದ ತೂತನ್ನಲ್ಲ. ಕಲೆ ಕಂಡಿದ್ದರೆ ಬನ್ನಿ.

ಹಲ್ಲನ್ನು ತೆಗೆಸಬೇಕು ಎಂದಿದ್ದಾರೆ. ಎಂಟು ವರ್ಷಕ್ಕೇ ಶಾಶ್ವತ ಹಲ್ಲು ಕೀಳಿಸುವುದೇ?

ಕೇಳಲು ಕ್ರೂರವೆನಿಸುತ್ತದೆ, ಆದರೆ ಅದು ಎಲ್ಲ ಸಲವೂ ತಪ್ಪು ಸಲಹೆಯಲ್ಲ. ಮೊದಲ ದವಡೆ ಹಲ್ಲು ತೀರಾ ಹಾಳಾಗಿದ್ದು ಜೀವನಪೂರ್ತಿ ರಿಪೇರಿ ಮಾಡಿಸುತ್ತಲೇ ಇರಬೇಕಾದ ಸ್ಥಿತಿ ಇದ್ದರೆ, ಸುಮಾರು ಎಂಟರಿಂದ ಹತ್ತು ವರ್ಷದ ನಡುವೆ ಅದನ್ನು ತೆಗೆದು, ಹಿಂದಿನ ಎರಡನೇ ದವಡೆ ಹಲ್ಲು ಮುಂದೆ ಸರಿದು ಆ ಜಾಗ ತುಂಬುವಂತೆ ಮಾಡಬಹುದು. ಎರಡನೇ ದವಡೆ ಹಲ್ಲಿನ ಬೇರು ಯಾವ ಹಂತದಲ್ಲಿದೆ ಎಂದು ದೊಡ್ಡ ಎಕ್ಸ್‌ರೇಯಲ್ಲಿ ನೋಡಿ, ಹಲ್ಲು ಸಾಲು ಸರಿಪಡಿಸುವ ಆರ್ಥೊಡಾಂಟಿಸ್ಟ್ ಅಭಿಪ್ರಾಯ ಪಡೆದ ನಂತರವೇ ಈ ತೀರ್ಮಾನ ಆಗಬೇಕು. ಎಕ್ಸ್‌ರೇ ಇಲ್ಲದೆ, ಇನ್ನೊಬ್ಬರ ಅಭಿಪ್ರಾಯ ಇಲ್ಲದೆ ಅಂದೇ ಕೀಳಲು ಹೊರಟರೆ ಬೇಡವೆಂದು ಎದ್ದುಬನ್ನಿ.

ಎಷ್ಟು ತಿಂಗಳಿಗೊಮ್ಮೆ ತೋರಿಸಬೇಕು?

ಹೊಸ ದವಡೆ ಹಲ್ಲು ಹುಟ್ಟುತ್ತಿರುವಾಗ, ಕಂದು ಕಲೆ ಅಥವಾ ಉದುರುವಿಕೆ ಇದ್ದಾಗ, ಮೂರು ತಿಂಗಳಿಗೊಮ್ಮೆ. ಎರಡು ಮೂರು ಭೇಟಿಗಳಲ್ಲಿ ಹೊಸದೇನೂ ಕಾಣದೆ ಹಲ್ಲು ಗಟ್ಟಿಯಾಗಿ ನಿಂತಿದ್ದರೆ ಆರು ತಿಂಗಳಿಗೆ ಹೋಗಬಹುದು. ಹನ್ನೆರಡರ ಆಸುಪಾಸಿನಲ್ಲಿ ಎರಡನೇ ದವಡೆ ಹಲ್ಲು ಬರುವಾಗ ಮತ್ತೆ ಹತ್ತಿರದಿಂದ ನೋಡಬೇಕು.

ಬೆಂಗಳೂರಿನಲ್ಲಿ ಎಲ್ಲಿ ತೋರಿಸಬಹುದು? ಬರುವಾಗ ಏನು ತರಬೇಕು?

ಮಕ್ಕಳ ದಂತವೈದ್ಯಕೀಯದಲ್ಲಿ ಎಂಡಿಎಸ್ (ಸ್ನಾತಕೋತ್ತರ ಪದವಿ) ಮಾಡಿದವರು ಇದಕ್ಕೆ ಸೂಕ್ತ. ಖಾಸಗಿ ಕ್ಲಿನಿಕ್ ದುಬಾರಿಯೆನಿಸಿದರೆ ಕೋಟೆ ಪ್ರದೇಶದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಬಳಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ, ಅಲ್ಲಿ ಮಕ್ಕಳಿಗೆಂದೇ ವಿಭಾಗವಿದೆ. ನಗರದ ಖಾಸಗಿ ದಂತ ಕಾಲೇಜುಗಳ ಮಕ್ಕಳ ವಿಭಾಗಗಳಲ್ಲೂ ಕ್ಲಿನಿಕ್‌ಗಳಿಗಿಂತ ಸಾಮಾನ್ಯವಾಗಿ ಶುಲ್ಕ ಕಡಿಮೆ. ಕಾಲೇಜುಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ನಿಧಾನವಾಗಿ, ವಿವರವಾಗಿ ನೋಡುತ್ತಾರೆ. ಅರ್ಧ ದಿನ ಕೈಯಲ್ಲಿಟ್ಟುಕೊಂಡು ಬನ್ನಿ, ಮಗುವಿಗೆ ಹೊಟ್ಟೆತುಂಬ ತಿನ್ನಿಸಿ ಹಲ್ಲುಜ್ಜಿಸಿ ಕರೆತನ್ನಿ.

ತಾಯಿ ಕಾರ್ಡ್ ಅಥವಾ ಹೆರಿಗೆ ಆಸ್ಪತ್ರೆಯ ಬಿಡುಗಡೆ ಪತ್ರ ತನ್ನಿ. ಎಷ್ಟನೇ ವಾರಕ್ಕೆ ಹುಟ್ಟಿತು, ತೂಕ ಎಷ್ಟಿತ್ತು ಎಂಬುದು ಅಲ್ಲಿರುತ್ತದೆ. ಈಗ ಬಳಸುವ ಪೇಸ್ಟಿನ ಕೊಳವೆ, ನಿತ್ಯ ಕೊಡುವ ಔಷಧಿಗಳ ಬಾಟಲಿ, ಮೂರು ದಿನದ ಆಹಾರ ದಿನಚರಿ, ಹಳೆಯ ಎಕ್ಸ್‌ರೇಗಳು ಜೊತೆಗಿರಲಿ. ಕೊಳವೆಬಾವಿ ನೀರು ಬಳಸುವವರು ನೀರಿನ ಪರೀಕ್ಷೆಯ ವರದಿ ಇದ್ದರೆ ಅದನ್ನೂ ತನ್ನಿ. ಹಗಲಿನಲ್ಲಿ ಮಗುವನ್ನು ನೋಡಿಕೊಳ್ಳುವವರು ಅಜ್ಜಿಯೋ ಆಯಾ ಅವರೋ ಆಗಿದ್ದರೆ ಸಾಧ್ಯವಾದಷ್ಟೂ ಅವರನ್ನೇ ಕರೆದುಕೊಂಡು ಬನ್ನಿ. ಸಂಜೆ ನಾಲ್ಕಕ್ಕೆ ಮಗು ಏನು ತಿನ್ನುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ.